ಅಗಲ ಕೇಳಿದರೆ ಸೊನ್ನೆ ಬರುವುದೇಕೆ? ಲೇಔಟ್ ಆದ ಮೇಲೆ ಅಳತೆ ತೆಗೆಯುವ ಬಗೆ

ಪ್ರಶ್ನೆ: ಆಂಡ್ರಾಯ್ಡ್‌ಗೆ ಒಂದು ಕನ್ನಡ ಸುದ್ದಿ ಆ್ಯಪ್ ಮಾಡುತ್ತಿದ್ದೇನೆ. ಪ್ರತಿ ವರದಿಯ ಮೊದಲ ಮೂರು ಸಾಲು ಮಾತ್ರ ಕಾಣಬೇಕು. ವರದಿ ಅದಕ್ಕಿಂತ ಉದ್ದ ಇದ್ದರೆ ಮಾತ್ರ ಕೆಳಗೆ ‘ಮುಂದೆ ಓದಿ’ ಬಟನ್ ಬರಬೇಕು. ಪರದೆ ಶುರುವಾಗುವಾಗ ಓಡುವ ಆನ್‌ಕ್ರಿಯೇಟ್‌ನಲ್ಲಿ, ಪಠ್ಯ ತೋರಿಸುವ ಟೆಕ್ಸ್ಟ್‌ವ್ಯೂನ ಅಗಲ, ಎತ್ತರ, ಸಾಲುಗಳ ಎಣಿಕೆ ಏನು ಕೇಳಿದರೂ ಸೊನ್ನೆ. ಪರದೆ ಮುಂದೆ ಬರುವಾಗ ಓಡುವ ಆನ್‌ರೆಸ್ಯೂಮ್‌ನಲ್ಲೂ ಸೊನ್ನೆ. ಪೋಸ್ಟ್‌ಡಿಲೇಡ್ ಹಾಕಿ 300 ಮಿಲಿಸೆಕೆಂಡ್ ಕಾದರೆ ನನ್ನ ಫೋನಿನಲ್ಲಿ ಸರಿ ಬರುತ್ತದೆ, ಗೆಳೆಯನ ಹಳೇ ಫೋನಿನಲ್ಲಿ ಬರುವುದಿಲ್ಲ. ಎಷ್ಟು ಹೊತ್ತು ಕಾಯಬೇಕು? ಐಫೋನ್‌ಗೆ ಮಾಡುವಾಗಲೂ ಇದೇ ತೊಂದರೆ ಇರುತ್ತದಾ?

ಉತ್ತರ: ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಸರಿಯಾದ ಅಂಕಿ ಇಲ್ಲ. 300 ಇರಲಿ, 1000 ಇರಲಿ, ಯಾವುದೂ ಗ್ಯಾರಂಟಿ ಕೊಡುವುದಿಲ್ಲ. ನಿಧಾನದ ಫೋನಿನಲ್ಲಿ ಅದು ಸಾಲದು. ಚುರುಕಾದ ಫೋನಿನಲ್ಲಿ ಬಟನ್ ತಡವಾಗಿ ಮೂಡಿ, ಓದುತ್ತಿರುವವರ ಕಣ್ಣೆದುರೇ ಪುಟ ಜಿಗಿಯುತ್ತದೆ. ಹಾಗಾಗಿ ಆ ಪೋಸ್ಟ್‌ಡಿಲೇಡ್ ಸಾಲನ್ನು ಮೊದಲು ಅಳಿಸಿ. ಅಳತೆ ಯಾವಾಗ ಸಿದ್ಧ ಎಂದು ಆಂಡ್ರಾಯ್ಡ್ ತಾನೇ ಹೇಳುತ್ತದೆ. ಅದು ಹೇಳುವ ಜಾಗದಲ್ಲಿ ನಿಮ್ಮ ಕೋಡ್ ಇರಬೇಕು, ಅಷ್ಟೇ. ನಿಮ್ಮ ಕೆಲಸಕ್ಕೆ ಇದಕ್ಕಿಂತಲೂ ಒಳ್ಳೆಯ ದಾರಿ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸೊನ್ನೆ ಏಕೆ ಎಂದು ನೋಡೋಣ.

ಆನ್‌ಕ್ರಿಯೇಟ್‌ನಲ್ಲಿ ಸೆಟ್‌ಕಂಟೆಂಟ್‌ವ್ಯೂ ಕರೆದಾಗ ಆಗುವುದು ಒಂದೇ ಕೆಲಸ. ವಿನ್ಯಾಸ ಬರೆದಿಟ್ಟ ಎಕ್ಸ್‌ಎಂಎಲ್ ಓದಿ, ಅದರಲ್ಲಿರುವ ವ್ಯೂಗಳ (ಬಟನ್, ಪಠ್ಯದಂಥ ಪರದೆಯ ತುಣುಕುಗಳ) ಆಬ್ಜೆಕ್ಟ್‌ಗಳನ್ನು ಮೆಮೊರಿಯಲ್ಲಿ ಕಟ್ಟಿಡುವುದು. ಅವು ಇನ್ನೂ ಯಾವ ವಿಂಡೋಗೂ ಸೇರಿರುವುದಿಲ್ಲ. ಆನ್‌ಕ್ರಿಯೇಟ್, ಆನ್‌ಸ್ಟಾರ್ಟ್, ಆನ್‌ರೆಸ್ಯೂಮ್ ಮೂರೂ ಮುಗಿದ ಮೇಲೆ ಸಿಸ್ಟಮ್ ಈ ವ್ಯೂಗಳ ಮರವನ್ನು ವಿಂಡೋಗೆ ಜೋಡಿಸುತ್ತದೆ. ಆಮೇಲೆ ಪರದೆಯ ಮುಂದಿನ ರಿಫ್ರೆಶ್ ಬಂದಾಗ ಮೊದಲ ಸಲ ಅಳೆಯುವುದು, ಜಾಗಕ್ಕೆ ಕೂರಿಸುವುದು (ಇದೇ ಲೇಔಟ್), ಬಿಡಿಸುವುದು, ಈ ಮೂರು ಕೆಲಸ ಇದೇ ಕ್ರಮದಲ್ಲಿ ನಡೆಯುತ್ತವೆ. ಆನ್‌ರೆಸ್ಯೂಮ್‌ನಲ್ಲೂ ನಿಮಗೆ ಸೊನ್ನೆ ಬಂದಿದ್ದು ಇದಕ್ಕೇ. ಇಲ್ಲಿ ತುಂಬಾ ಜನರ ದಾರಿ ತಪ್ಪಿಸುವ ಒಂದು ಸಂಗತಿ ಇದೆ. ಬೇರೆ ಆ್ಯಪ್‌ಗೆ ಹೋಗಿ ವಾಪಸ್ ಬಂದಾಗ ಅದೇ ಆನ್‌ರೆಸ್ಯೂಮ್ ಸರಿಯಾದ ಅಳತೆ ತೋರಿಸುತ್ತದೆ. ಹಿಂದಿನ ಲೇಔಟ್ ಇನ್ನೂ ಉಳಿದಿರುತ್ತದಲ್ಲ, ಅದಕ್ಕೆ. ಅದನ್ನು ನೋಡಿ ‘ಒಮ್ಮೊಮ್ಮೆ ಕೆಲಸ ಮಾಡುತ್ತದೆ’ ಅಂದುಕೊಳ್ಳುತ್ತಾರೆ.

ಅಳೆಯುವ ಹಂತ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ತಂದೆ ವ್ಯೂ ತನ್ನ ಮಗು ವ್ಯೂಗೆ ಒಂದು ಷರತ್ತು ಕೊಡುತ್ತದೆ. ಆ ಷರತ್ತಿನ ಹೆಸರು ಮೆಶರ್‌ಸ್ಪೆಕ್. ಅದರಲ್ಲಿ ಮೂರು ಬಗೆ. ‘ಸರಿಯಾಗಿ ಇಷ್ಟೇ ಇರು’ ಎನ್ನುವುದು ಎಗ್ಸಾಕ್ಟ್‌ಲಿ. ‘ಇಷ್ಟರ ಒಳಗೆ ಎಷ್ಟಾದರೂ ಇರು’ ಎನ್ನುವುದು ಅಟ್‌ಮೋಸ್ಟ್. ‘ನಿನಗೆಷ್ಟು ಬೇಕೋ ಹೇಳು’ ಎನ್ನುವುದು ಅನ್‌ಸ್ಪೆಸಿಫೈಡ್. 30/40 ಸೈಟಿನಲ್ಲಿ ಮನೆ ಕಟ್ಟುವಾಗ ಅಡುಗೆಮನೆ ಎಷ್ಟು ದೊಡ್ಡದಿರಬೇಕು ಎಂದು ಅಡುಗೆಮನೆ ಒಂದನ್ನೇ ನೋಡಿ ಹೇಳಲು ಆಗುವುದಿಲ್ಲ ಅಲ್ವಾ? ಇದೂ ಹಾಗೇ. ಮಗು ತನ್ನ ಬೇಡಿಕೆ ಹೇಳುತ್ತದೆ, ತಂದೆ ಅದನ್ನು ಕೇಳಿಕೊಂಡು ಕೊನೆಗೆ ಜಾಗ ಹಂಚುತ್ತದೆ. ಮಗು ಹೇಳಿದ ಬೇಡಿಕೆ ಗೆಟ್‌ಮೆಶರ್ಡ್‌ವಿಡ್ತ್‌ನಲ್ಲಿ ಸಿಗುತ್ತದೆ. ತಂದೆ ಕೊಟ್ಟ ಜಾಗ ಗೆಟ್‌ವಿಡ್ತ್‌ನಲ್ಲಿ ಸಿಗುತ್ತದೆ. ಬಹಳ ಸಲ ಎರಡೂ ಒಂದೇ ಇರುತ್ತವೆ, ಆದರೆ ಇರಲೇಬೇಕು ಎಂದೇನಿಲ್ಲ. ಪರದೆಯ ಮೇಲೆ ಏನಿದೆ ಎಂಬುದು ಬೇಕಿದ್ದರೆ ಯಾವಾಗಲೂ ಗೆಟ್‌ವಿಡ್ತ್ ನಂಬಿ. ಮತ್ತೆ, ಒಂದೇ ಫ್ರೇಮ್‌ನಲ್ಲಿ (ಪರದೆಯ ಒಂದು ರಿಫ್ರೆಶ್‌ನಲ್ಲಿ) ಒಂದು ವ್ಯೂವನ್ನು ಎರಡು ಸಲ ಅಳೆಯುವುದೂ ಉಂಟು. ಜಾಗವನ್ನು ಪಾಲಿನಂತೆ ಹಂಚಲು ವೆಯ್ಟ್ ಹಾಕಿದ ಲೀನಿಯರ್‌ಲೇಔಟ್ ಹಾಗೆ ಮಾಡಬಹುದು. ಹಾಗಾಗಿ ಅಳೆಯುವ ಹಂತದ ಕೋಡ್ ಆದ ಆನ್‌ಮೆಶರ್‌ನಲ್ಲಿ ಮೊದಲು ಕಂಡ ಅಂಕಿಯನ್ನೇ ಹಿಡಿದುಕೊಂಡು ಕೂರಬಾರದು.

ಈಗ ಕೇಳುವ ದಾರಿಗಳು. ಕಾಟ್ಲಿನ್‌ನಲ್ಲಿ ಬರೆಯುತ್ತಿದ್ದರೆ ಆಂಡ್ರಾಯ್ಡ್‌ಎಕ್ಸ್ ಕೋರ್ ಲೈಬ್ರರಿಯಲ್ಲಿರುವ ಡೂಆನ್‌ಲೇಔಟ್ ಮೊದಲ ಆಯ್ಕೆ ಆಗಲಿ. ವ್ಯೂ ಆಗಲೇ ಜಾಗದಲ್ಲಿ ಕೂತಿದ್ದು, ಹೊಸ ಲೇಔಟ್ ಬಾಕಿ ಇಲ್ಲದಿದ್ದರೆ ಅದು ನಿಮ್ಮ ಕೋಡನ್ನು ಕೂಡಲೇ ಓಡಿಸುತ್ತದೆ. ಇಲ್ಲದಿದ್ದರೆ ಲೇಔಟ್ ಆಗುವವರೆಗೆ ಕಾದು ಒಂದು ಸಲ ಓಡಿಸುತ್ತದೆ. ನಿಮ್ಮ ವರದಿ ಸರ್ವರ್‌ನಿಂದ ಬರುತ್ತದೆ. ಆದ್ದರಿಂದ ಮೊದಲು ಪಠ್ಯ ಹಾಕಿ, ಆಮೇಲೆ ಡೂಆನ್‌ಲೇಔಟ್ ಕರೆಯಿರಿ. ಇದರ ಪಕ್ಕದಲ್ಲೇ ಡೂಆನ್‌ನೆಕ್ಸ್ಟ್‌ಲೇಔಟ್ ಅಂತ ಇನ್ನೊಂದಿದೆ. ಅದನ್ನು ಇಲ್ಲಿ ಬಳಸಬೇಡಿ. ಟೆಕ್ಸ್ಟ್‌ವ್ಯೂ ಸ್ವಲ್ಪ ಜಾಣ. ಅದರ ಅಗಲ ನಿಗದಿಯಾಗಿದ್ದು, ಹೊಸ ಪಠ್ಯ ಹಾಕಿದ ಮೇಲೂ ಎತ್ತರ ಬದಲಾಗದಿದ್ದರೆ ಅದು ಲೇಔಟ್ ಕೇಳುವುದೇ ಇಲ್ಲ, ಸುಮ್ನೆ ಮತ್ತೆ ಬಿಡಿಸಿಕೊಳ್ಳುತ್ತದೆ. ಆಗ ‘ಮುಂದಿನ ಲೇಔಟ್’ ಬರುವುದೇ ಇಲ್ಲ, ನಿಮ್ಮ ಕೋಡ್ ಕಾಯುತ್ತಲೇ ಇರುತ್ತದೆ. ಮೂರು ಸಾಲಿನ ಮಿತಿ ಇರುವ ನಿಮ್ಮ ಆ್ಯಪ್‌ನಲ್ಲಿ ಇದು ಆಗುವ ಸಾಧ್ಯತೆ ಜಾಸ್ತಿ. ಮೂರು ಸಾಲಿನ ವರದಿ ಹೋಗಿ ಇನ್ನೊಂದು ಮೂರು ಸಾಲಿನ ವರದಿ ಬಂದರೆ ಎತ್ತರ ಅಷ್ಟೇ ಇರುತ್ತದಲ್ಲ.

ವ್ಯೂನ ಪೋಸ್ಟ್ ಕೂಡ ಒಳ್ಳೆಯದೇ. ಪೋಸ್ಟ್‌ಡಿಲೇಡ್ ಬೇರೆ, ಇದು ಬೇರೆ. ವಿಂಡೋಗೆ ಸೇರುವ ಮೊದಲೇ ಪೋಸ್ಟ್ ಕರೆದರೆ ನಿಮ್ಮ ಕೆಲಸ ಸಾಲಿನಲ್ಲಿ ನಿಲ್ಲುತ್ತದೆ. ವ್ಯೂ ವಿಂಡೋಗೆ ಸೇರಿ, ಆ ಸಲದ ಲೇಔಟ್ ಮುಗಿದ ಮೇಲೆ ಅದರ ಸರದಿ ಬರುತ್ತದೆ. ಕ್ರಮ ಇಲ್ಲಿ ಅದೃಷ್ಟದ ಮೇಲೆ ನಿಂತಿಲ್ಲ, ಸಾಲಿನ ನಿಯಮದ ಮೇಲೆ ನಿಂತಿದೆ. ಆದರೆ ವ್ಯೂ ಎಂದಿಗೂ ವಿಂಡೋಗೆ ಸೇರದಿದ್ದರೆ, ಆಂಡ್ರಾಯ್ಡ್ 7.0ರಿಂದ ಈಚೆಗೆ ಆ ಕೆಲಸ ಓಡುವುದೂ ಇಲ್ಲ. ಅದು ನೆನಪಿರಲಿ.

ಹಳೆಯ ಕೋಡ್‌ಗಳಲ್ಲಿ ಹೆಚ್ಚಾಗಿ ಕಾಣುವುದು ವ್ಯೂಟ್ರೀ‌ಅಬ್ಸರ್ವರ್‌ನ ಗ್ಲೋಬಲ್ ಲೇಔಟ್ ಲಿಸನರ್. ಲಿಸನರ್ ಎಂದರೆ ಒಂದು ಘಟನೆ ಆದಾಗ ಸಿಸ್ಟಮ್ ಕರೆಯುವ ನಿಮ್ಮ ಕೋಡ್. ಇದು ಕೆಲಸ ಮಾಡುತ್ತದೆ, ಆದರೆ ಎರಡು ವಿಷಯ ಗಮನಿಸಬೇಕು. ಇದು ಇಡೀ ಮರದಲ್ಲಿ ಎಲ್ಲಿ ಲೇಔಟ್ ಆದರೂ ಕೂಗುತ್ತದೆ. ಹಾಗಾಗಿ ಕೆಲಸ ಮುಗಿದ ಕೂಡಲೇ ಲಿಸನರ್ ತೆಗೆಯಬೇಕು. ಇಲ್ಲದಿದ್ದರೆ ಅದರ ಒಳಗೆ ನೀವು ಮಾಡಿದ ಬದಲಾವಣೆಯೇ ಮತ್ತೊಂದು ಲೇಔಟ್ ಎಬ್ಬಿಸಿ, ಅದು ಮತ್ತೆ ನಿಮ್ಮನ್ನು ಕರೆದು, ಸುತ್ತು ನಿಲ್ಲುವುದೇ ಇಲ್ಲ. ಎರಡನೆಯದು, ತೆಗೆಯುವಾಗ ಅಬ್ಸರ್ವರ್ ಅನ್ನು ವ್ಯೂನಿಂದ ಹೊಸದಾಗಿ ಕೇಳಿ ಪಡೆಯಿರಿ. ಆನ್‌ಕ್ರಿಯೇಟ್‌ನಲ್ಲಿ ಹಿಡಿದಿಟ್ಟುಕೊಂಡ ಅಬ್ಸರ್ವರ್, ವ್ಯೂ ವಿಂಡೋಗೆ ಸೇರಿದ ಮೇಲೆ ಸತ್ತಿರುತ್ತದೆ. ಅದನ್ನು ಮುಟ್ಟಿದರೆ ಆ್ಯಪ್ ಕ್ರ್ಯಾಶ್ ಆಗುತ್ತದೆ.

ಇಷ್ಟರಿಂದ ನಿಮ್ಮ ಸೊನ್ನೆ ಹೋಗುತ್ತದೆ. ಆದರೆ ಇನ್ನೊಂದು ತೊಂದರೆ ಶುರುವಾಗುತ್ತದೆ, ಮಿಣುಕು. ಲೇಔಟ್ ಆದ ಮೇಲೆ ಬಟನ್ ತೋರಿಸಲು ಹೊರಟರೆ ಅದಕ್ಕೆ ಜಾಗ ಬೇಕು. ಜಾಗಕ್ಕೆ ಮತ್ತೆ ಲೇಔಟ್ ಬೇಕು. ಅದು ಆಗುವುದು ಮುಂದಿನ ಫ್ರೇಮ್‌ನಲ್ಲಿ. ಸೆಕೆಂಡಿಗೆ 60 ಸಲ ರಿಫ್ರೆಶ್ ಆಗುವ ಪರದೆಯಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. 120 ಸಲದ ಪರದೆಯಲ್ಲಿ 8.3. ಕಡಿಮೆ ಅನ್ನಿಸಬಹುದು. ಆದರೆ ಕೆಳಗಿನ ವಸ್ತುಗಳೆಲ್ಲ ಒಮ್ಮೆಲೇ ಕೆಳಗೆ ಸರಿದರೆ ಕಣ್ಣಿಗೆ ಗೊತ್ತಾಗುತ್ತದೆ. ಡೂಆನ್‌ಪ್ರೀಡ್ರಾ ಬಳಸಿದರೆ ಇದು ನಿಲ್ಲುತ್ತದೆ ಎಂದು ಎಷ್ಟೋ ಕಡೆ ಹೇಳಿರುತ್ತಾರೆ. ಅದು ಅರ್ಧ ನಿಜ. ಅದು ಬಿಡಿಸುವ ಹಂತಕ್ಕೆ ಸ್ವಲ್ಪ ಮುಂಚೆ ನಿಮ್ಮನ್ನು ಕರೆಯುತ್ತದೆ, ಸರಿ. ಆದರೆ ಆ ಫ್ರೇಮ್ ಅನ್ನು ತಡೆಯುವುದಿಲ್ಲ. ಬಣ್ಣ, ಸ್ಥಾನ, ಪಾರದರ್ಶಕತೆ ಬದಲಿಸಲು ಅದು ಸಾಕು, ಯಾಕೆಂದರೆ ಅವಕ್ಕೆ ಹೊಸ ಲೇಔಟ್ ಬೇಡ. ಗಾನ್ ಆಗಿದ್ದ, ಅಂದರೆ ಜಾಗವನ್ನೂ ಹಿಡಿಯದೆ ಮರೆಯಾಗಿದ್ದ ಬಟನ್‌ಗೆ ಜಾಗ ಮಾಡಲು ಸಾಲದು. ನೇರವಾಗಿ ಪ್ರೀಡ್ರಾ ಲಿಸನರ್ ಹಾಕಿ, ಬದಲಾವಣೆ ಮಾಡಿದ ಸಲ ಫಾಲ್ಸ್ ಹಿಂತಿರುಗಿಸಿದರೆ ಆ ಫ್ರೇಮ್ ಬಿಡಿಸದೆ ಮತ್ತೆ ಅಳೆಯುತ್ತದೆ. ಮುಂದಿನ ಸಲ ಟ್ರೂ ಕೊಡಲೇಬೇಕು, ಇಲ್ಲದಿದ್ದರೆ ಪರದೆ ಅಲ್ಲೇ ನಿಂತುಬಿಡುತ್ತದೆ.

ಇನ್ನೂ ಸುಲಭದ ಒಂದು ಉಪಾಯ: ಬಟನ್ ಅನ್ನು ಗಾನ್ ಬದಲು ಇನ್‌ವಿಸಿಬಲ್ ಮಾಡಿ ಇಡಿ. ಇನ್‌ವಿಸಿಬಲ್ ವ್ಯೂ ಕಾಣುವುದಿಲ್ಲ, ಆದರೆ ಅದನ್ನು ಅಳೆದು ಜಾಗ ಕೊಟ್ಟಿರುತ್ತಾರೆ. ಅದನ್ನು ಕಾಣುವಂತೆ ಮಾಡಲು ಹೊಸ ಲೇಔಟ್ ಬೇಡ. ಹಾಗಾಗಿ ಡೂಆನ್‌ಪ್ರೀಡ್ರಾದಲ್ಲೇ ಕೆಲಸ ಆಗುತ್ತದೆ, ಮಿಣುಕೂ ಇಲ್ಲ. ಚಿಕ್ಕ ವರದಿಗಳ ಕೆಳಗೆ ಒಂದಿಷ್ಟು ಖಾಲಿ ಜಾಗ ಉಳಿಯುತ್ತದೆ. ನಿಮ್ಮ ವಿನ್ಯಾಸಕ್ಕೆ ಅದು ಒಪ್ಪುವುದಾದರೆ ಇಲ್ಲಿಗೇ ನಿಲ್ಲಿಸಬಹುದು.

ಈಗ ಕನ್ನಡ ಪಠ್ಯದ ವಿಷಯ. ಇದರ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇಂಗ್ಲಿಷ್ ಆ್ಯಪ್‌ಗಳಿಗೆ ಬರೆದ ಸಲಹೆಗಳು ನಮ್ಮಲ್ಲಿ ಮುರಿದು ಬೀಳುವುದು ಇಲ್ಲೇ. ‘ಅಳತೆ ಯಾಕೆ, ಪಠ್ಯದ ಉದ್ದ 150 ಅಕ್ಷರ ದಾಟಿದರೆ ಬಟನ್ ತೋರಿಸಿ’ ಎಂಬ ಸಲಹೆ ನೀವೂ ನೋಡಿರಬಹುದು. ಕನ್ನಡದಲ್ಲಿ ಇದು ನಡೆಯುವುದೇ ಇಲ್ಲ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು: ಸ, ವಿರಾಮ (ಅರ್ಧಾಕ್ಷರದ ಗುರುತು), ತ, ವಿರಾಮ, ರ, ದೀರ್ಘದ ಗುರುತು. ಸ್ಟ್ರಿಂಗ್‌ನ ಉದ್ದ ಕೇಳಿದರೆ ಆರು ಎಂದೇ ಬರುತ್ತದೆ. ‘ಮಗ’ ಎಂದರೆ ಎರಡು ಅಕ್ಷರ, ಉದ್ದವೂ ಎರಡು, ಆದರೆ ಪರದೆಯ ಮೇಲೆ ಅದು ಹಿಡಿಯುವ ಜಾಗ ‘ಸ್ತ್ರೀ’ಯ ಮೂರನೇ ಒಂದು ಭಾಗವೇನಲ್ಲ. ಒತ್ತಕ್ಷರ ತುಂಬಿದ ರಾಜಕೀಯ ವರದಿಗೂ ಸರಳ ಮಾತಿನ ಹಳ್ಳಿ ಸುದ್ದಿಗೂ ಒಂದೇ ಉದ್ದದ ಮಿತಿ ಹಾಕಿದರೆ ಎರಡರಲ್ಲೊಂದು ಖಂಡಿತ ತಪ್ಪುತ್ತದೆ. ಪಠ್ಯವನ್ನು ಸಾಲುಗಳಾಗಿ ಮುರಿದ ಮೇಲೆಯೇ ನಿಜ ತಿಳಿಯುವುದು.

ಎತ್ತರದ ಕಥೆಯೂ ಹೀಗೇ. ಒಂದು ಸಾಲಿನ ಎತ್ತರವನ್ನು ಗೆಟ್‌ಲೈನ್‌ಹೈಟ್‌ನಿಂದ ಕೇಳಿ ಮೂರರಿಂದ ಗುಣಿಸುವವರಿದ್ದಾರೆ. ಆ ಅಂಕಿ ನೀವು ಹಾಕಿದ ಮುಖ್ಯ ಫಾಂಟ್‌ನದ್ದು. ಆ ಫಾಂಟ್‌ನಲ್ಲಿ ಕನ್ನಡ ಇಲ್ಲದಿದ್ದರೆ ಆಂಡ್ರಾಯ್ಡ್ ಕನ್ನಡಕ್ಕೆ ಬೇರೆ ಫಾಂಟ್ ಹುಡುಕಿ ತರುತ್ತದೆ, ಸಾಮಾನ್ಯವಾಗಿ ನೋಟೋ ಕುಟುಂಬದ್ದು. ಅದರಲ್ಲಿ ಒತ್ತಕ್ಷರ ಕೆಳಗೆ ಇಳಿಯಬೇಕು, ಗುಣಿತದ ಗುರುತು ಮೇಲೆ ಏರಬೇಕು. ಹಾಗಾಗಿ ಸಾಲು ಎತ್ತರವಾಗುತ್ತದೆ. ಹೀಗೆ ತಂದ ಫಾಂಟ್‌ನ ಎತ್ತರವನ್ನೂ ಸಾಲಿಗೆ ಲೆಕ್ಕ ಹಿಡಿಯುವ ವ್ಯವಸ್ಥೆ ಆಂಡ್ರಾಯ್ಡ್ 9ರಲ್ಲಿ ಬಂತು. ಹೆಸರು ಫಾಲ್‌ಬ್ಯಾಕ್‌ಲೈನ್‌ಸ್ಪೇಸಿಂಗ್. ಅದನ್ನು ಆಫ್ ಮಾಡಬೇಡಿ. ಮೂರು ಸಾಲಿನ ಎತ್ತರ ಬೇಕಿದ್ದರೆ ಗುಣಾಕಾರ ಬಿಟ್ಟು, ಟೆಕ್ಸ್ಟ್‌ವ್ಯೂನ ಒಳಗೆ ಸಾಲು ಮುರಿದ ಲೆಕ್ಕ ಇಟ್ಟಿರುವ ಲೇಔಟ್ ಆಬ್ಜೆಕ್ಟ್‌ಗೆ ಮೂರನೇ ಸಾಲಿನ ತಳ ಎಲ್ಲಿದೆ ಎಂದು ಕೇಳಿ. ಗೆಟ್‌ಲೈನ್‌ಬಾಟಮ್ ಅದನ್ನು ಹೇಳುತ್ತದೆ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಮೂರನೇ ಸಾಲಿಗೆ 2 ಕೊಡಬೇಕು. ಕನ್ನಡದ ಶೀರ್ಷಿಕೆಗಳಲ್ಲಿ ಒತ್ತಕ್ಷರದ ಕಾಲು ಕತ್ತರಿಸಿ ಹೋಗಿರುವುದನ್ನು ನೀವು ನೋಡೇ ಇರುತ್ತೀರಿ. ಯಾರೋ ಎತ್ತರವನ್ನು 20 ಡಿಪಿ (ಪರದೆಯ ಸಾಂದ್ರತೆಗೆ ಹೊಂದಿಕೊಳ್ಳುವ ಅಳತೆ) ಎಂದು ಕೈಯಾರೆ ಬರೆದಿಟ್ಟರೆ ಹಾಗಾಗುತ್ತದೆ. ಓದುಗರಿಗೆ ಅದು ನಿಜಕ್ಕೂ ನೋವು ಕೊಡುವ ವಿಷಯ. ‘ಅಕ್ಕ’ ಹೋಗಿ ‘ಅಕ’ ಎಂದು ಓದಿಸಿಕೊಳ್ಳುವ ಭಾಷೆ ನಮ್ಮದಾಗಬಾರದು.

ಹಾಗಾದರೆ ‘ಮೂರು ಸಾಲು ದಾಟಿತೇ’ ಎಂದು ತಿಳಿಯುವುದು ಹೇಗೆ? ಸಾಲುಗಳ ಎಣಿಕೆ ನೋಡಿ ಪ್ರಯೋಜನ ಇಲ್ಲ. ಮಿತಿ ಮೂರು ಎಂದು ಹಾಕಿ, ಕೊನೆಯಲ್ಲಿ ಚುಕ್ಕಿ (…) ಬರುವಂತೆ ಮಾಡಿದ್ದರೆ ಎಣಿಕೆಯೂ ಮೂರೇ ಎಂದು ಬರಬಹುದು. ಸರಿಯಾಗಿ ಮೂರು ಸಾಲಿನ ವರದಿಗೂ ಮೂವತ್ತು ಸಾಲಿನದ್ದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಬದಲಿಗೆ ಲೇಔಟ್ ಆಬ್ಜೆಕ್ಟ್‌ಗೆ ಗೆಟ್‌ಎಲಿಪ್ಸಿಸ್‌ಕೌಂಟ್ ಕೇಳಿ, ಕೊನೆಯ ಸಾಲಿನ ಸಂಖ್ಯೆ ಕೊಟ್ಟು. ಅದು ಸೊನ್ನೆಗಿಂತ ಹೆಚ್ಚಿದ್ದರೆ ಪಠ್ಯ ಕತ್ತರಿಸಿದೆ ಎಂದರ್ಥ, ಬಟನ್ ಬೇಕು. ಈ ಲೇಔಟ್ ಆಬ್ಜೆಕ್ಟ್ ಅಳೆಯುವ ಹಂತಕ್ಕಿಂತ ಮುಂಚೆ ನಲ್ ಇರುತ್ತದೆ. ಸಾಲುಗಳ ಎಣಿಕೆ ಸೊನ್ನೆ ಬಂದಿದ್ದೂ ಅದಕ್ಕೇ.

ಮೊದಲು ಹೇಳಿದ ಇನ್ನೂ ಒಳ್ಳೆಯ ದಾರಿಗೆ ಬರುತ್ತೇನೆ. ಸುದ್ದಿ ಆ್ಯಪ್ ಎಂದರೆ ಪಟ್ಟಿ ಇದ್ದೇ ಇರುತ್ತದೆ, ಅಂದರೆ ಪರದೆಯಿಂದ ಆಚೆ ಹೋದ ವ್ಯೂಗಳನ್ನೇ ಮತ್ತೆ ಬಳಸುವ ರೀಸೈಕ್ಲರ್‌ವ್ಯೂ. ಅಲ್ಲಿ ವ್ಯೂಗೆ ವರದಿ ತುಂಬುವ ಆನ್‌ಬೈಂಡ್‌ನೊಳಗೆ ಪೋಸ್ಟ್ ಹಾಕಿ ಅಳೆಯುವುದು ಅಪಾಯ. ನಿಮ್ಮ ಕೆಲಸದ ಸರದಿ ಬರುವ ಹೊತ್ತಿಗೆ ಓದುಗರು ಪಟ್ಟಿಯನ್ನು ಸರಿಸಿ, ಅದೇ ವ್ಯೂ ಇನ್ನೊಂದು ವರದಿಗೆ ಬಳಕೆಯಾಗಿರಬಹುದು. ಆಗ ಒಂದು ವರದಿಯ ಬಟನ್ ಇನ್ನೊಂದರ ಕೆಳಗೆ ಮೂಡುತ್ತದೆ. ಜೊತೆಗೆ ಎತ್ತರ ತಡವಾಗಿ ಬದಲಾದರೆ ಪಟ್ಟಿ ಕೈಕೆಳಗೇ ಕುಣಿಯುತ್ತದೆ. ಇಲ್ಲಿ ಹೊರಗೆ ನಿಂತು ‘ಅಳತೆ ಎಷ್ಟಾಯ್ತು’ ಎಂದು ಕೇಳುವುದನ್ನೇ ಬಿಡಿ. ಅಳೆಯುವ ಹಂತದ ಒಳಗೇ ತೀರ್ಮಾನ ಮಾಡಿ. ಪಠ್ಯ ಮತ್ತು ಬಟನ್ ಎರಡನ್ನೂ ಹಿಡಿದ ಒಂದು ಚಿಕ್ಕ ವ್ಯೂಗ್ರೂಪ್ ಬರೆಯಿರಿ. ಅದರ ಆನ್‌ಮೆಶರ್‌ನಲ್ಲಿ ಮೊದಲು ಪಠ್ಯವನ್ನು ಅಳೆಯಿರಿ. ಆ ಕ್ಷಣಕ್ಕೆ ಚುಕ್ಕಿಯ ಲೆಕ್ಕ ಸಿದ್ಧ. ಕತ್ತರಿಸಿದ್ದರೆ ಬಟನ್ ಅನ್ನೂ ಅಳೆದು ಅದರ ಎತ್ತರ ಸೇರಿಸಿ. ಇಲ್ಲದಿದ್ದರೆ ಬಿಟ್ಟುಬಿಡಿ. ಆನ್‌ಲೇಔಟ್‌ನಲ್ಲಿ ಬೇಡದ ಬಟನ್‌ಗೆ ಸೊನ್ನೆ ಜಾಗ ಕೊಡಿ. ಅಳೆಯುವಾಗ ವಿಸಿಬಿಲಿಟಿ ಮಾತ್ರ ಮುಟ್ಟಬೇಡಿ, ಅದು ಇನ್ನೊಂದು ಲೇಔಟ್ ಎಬ್ಬಿಸುತ್ತದೆ. ಲಿಸನರ್ ಇಲ್ಲ, ಕಾಯುವುದಿಲ್ಲ, ಮಿಣುಕಿಲ್ಲ. ಮೊದಲ ಫ್ರೇಮ್‌ನಲ್ಲೇ ಎಲ್ಲ ತನ್ನ ಜಾಗದಲ್ಲಿರುತ್ತದೆ. ಐವತ್ತು ಸಾಲಿನ ಒಳಗೆ ಬರೆಯಬಹುದಾದ ಕ್ಲಾಸ್ ಇದು. ನನ್ನ ಆಯ್ಕೆ ಯಾವುದು ಎಂದು ಕೇಳಿದರೆ, ಪಟ್ಟಿಗೆ ಇದೊಂದೇ.

ಮುಂದೆ, ಆಂಡ್ರಾಯ್ಡ್‌ನಲ್ಲಿ ಪರದೆ ಕಟ್ಟುವ ಇನ್ನೊಂದು ವಿಧಾನವಾದ ಜೆಟ್‌ಪ್ಯಾಕ್ ಕಂಪೋಸ್‌ಗೆ ಹೋಗುವ ಆಲೋಚನೆ ಇದ್ದರೂ ಯೋಚನೆಯ ದಾರಿ ಇದೇ. ಟೆಕ್ಸ್ಟ್‌ನ ಆನ್‌ಟೆಕ್ಸ್ಟ್‌ಲೇಔಟ್‌ನಲ್ಲಿ ಹ್ಯಾಸ್‌ವಿಶುವಲ್‌ಓವರ್‌ಫ್ಲೋ ಎಂದು ನೇರವಾಗಿ ಸಿಗುತ್ತದೆ. ಯಾವುದೇ ವಸ್ತುವಿನ ಅಳತೆಗೆ ಆನ್‌ಸೈಜ್‌ಚೇಂಜ್ಡ್ ಮಾಡಿಫೈಯರ್ ಇದೆ, ಪರದೆಯ ಮೇಲಿನ ಸ್ಥಾನಕ್ಕೆ ಆನ್‌ಗ್ಲೋಬಲಿಪೊಸಿಷನ್ಡ್ ಇದೆ. ಆದರೆ ಅಲ್ಲಿ ಸಿಕ್ಕಿದ್ದನ್ನು ಸ್ಟೇಟ್‌ನಲ್ಲಿಟ್ಟು (ಇದು ಬದಲಾದರೆ ಪರದೆಯನ್ನು ಮತ್ತೆ ಕಟ್ಟುತ್ತದೆ) ಅದರ ಮೇಲೆ ಬಟನ್ ತೋರಿಸಿದರೆ, ಅದು ಮೂಡುವುದು ಮುಂದಿನ ಫ್ರೇಮ್‌ಗೆ. ಕಂಪೋಸ್‌ನಲ್ಲಿ ಮೊದಲು ಕಟ್ಟುವುದು, ಆಮೇಲೆ ಲೇಔಟ್, ಕೊನೆಗೆ ಬಿಡಿಸುವುದು. ಲೇಔಟ್ ಹಂತದಲ್ಲಿ ಸ್ಟೇಟ್ ಬದಲಿಸಿದರೆ ಕಟ್ಟುವ ಹಂತಕ್ಕೆ ವಾಪಸ್ ಹೋಗಬೇಕಲ್ಲ. ಅಲ್ಲೂ ಸ್ವಂತ ಲೇಔಟ್ ಬರೆದು ಒಳಗೇ ತೀರ್ಮಾನಿಸುವುದು ಒಳ್ಳೆಯದು. ಒಂದು ಎಚ್ಚರಿಕೆ: ಕಂಪೋಸ್‌ನಲ್ಲಿ ಒಂದು ಮಗುವನ್ನು ಒಂದೇ ಸಲದ ಲೇಔಟ್‌ನಲ್ಲಿ ಎರಡು ಬಾರಿ ಅಳೆಯಲು ಬಿಡುವುದಿಲ್ಲ, ಎಕ್ಸೆಪ್ಷನ್ ಬರುತ್ತದೆ.

ಐಫೋನ್‌ನಲ್ಲೂ ಇದೇ ತೊಂದರೆ ಇದೆ, ಇನ್ನೂ ಮೋಸದ ರೂಪದಲ್ಲಿ. ಶುರುವಿನಲ್ಲೇ ಓಡುವ ವ್ಯೂಡಿಡ್‌ಲೋಡ್‌ನಲ್ಲಿ ಅಳತೆ ಕೇಳಿದರೆ ಸೊನ್ನೆಯ ಬದಲು ಸ್ಟೋರಿಬೋರ್ಡ್‌ನಲ್ಲಿ ನೀವು ವಿನ್ಯಾಸ ಮಾಡಿದ ಫೋನಿನ ಅಂಕಿ ಬರಬಹುದು. ಸೊನ್ನೆ ಬಂದರೆ ತಪ್ಪು ಎಂದು ಕೂಡಲೇ ಗೊತ್ತಾಗುತ್ತದೆ. ನಂಬುವಂಥ ಅಂಕಿ ಬಂದರೆ ಗೊತ್ತಾಗುವುದು ಬೇರೆ ಫೋನಿನಲ್ಲಿ ನೋಡಿದಾಗಲೇ. ಲೇಔಟ್ ಆದ ಮೇಲೆ ಬರುವ ವ್ಯೂಡಿಡ್‌ಲೇಔಟ್‌ಸಬ್‌ವ್ಯೂಸ್‌ನಲ್ಲಿ ಕೇಳಬಹುದು, ಅದು ಹಲವು ಸಲ ಓಡುತ್ತದೆ ಎಂಬುದು ನೆನಪಿರಲಿ. 2023ರಲ್ಲಿ ಆ್ಯಪಲ್ ವ್ಯೂಈಸ್‌ಅಪಿಯರಿಂಗ್ ಎಂಬ ಹೊಸ ಹಂತ ಕೊಟ್ಟಿತು. ಐಒಎಸ್ 13ರವರೆಗೆ ಹಿಂದಕ್ಕೂ ಅದು ಕೆಲಸ ಮಾಡುತ್ತದೆ. ಪರದೆ ಕಾಣಿಸಿಕೊಳ್ಳುವ ಪ್ರತಿ ಸಲ ಒಮ್ಮೆ ಬರುತ್ತದೆ, ಆ ಹೊತ್ತಿಗೆ ಪರದೆಯ ಮುಖ್ಯ ವ್ಯೂನ ಗಾತ್ರ ಸಿದ್ಧ ಇರುತ್ತದೆ. ಎರಡಕ್ಕೂ ಸೇರಿ ಫ್ಲಟರ್‌ನಲ್ಲಿ ಬರೆಯುವುದಾದರೆ ನಿಮ್ಮ ಪ್ರಶ್ನೆಗೆ ಅಲ್ಲಿ ಸಿದ್ಧ ಉತ್ತರವೇ ಇದೆ. ಲೇಔಟ್‌ಬಿಲ್ಡರ್‌ನಿಂದ ಅಗಲದ ಮಿತಿ ಪಡೆದು, ಟೆಕ್ಸ್ಟ್‌ಪೇಂಟರ್‌ಗೆ ಕೊಟ್ಟು, ಡಿಡ್‌ಎಕ್ಸೀಡ್‌ಮ್ಯಾಕ್ಸ್‌ಲೈನ್ಸ್ ಎಂದು ಕೇಳಿದರೆ ಆಯಿತು.

ಇನ್ನು ಕೆಲವು ಚಿಕ್ಕ ವಿಷಯಗಳು. ಗೆಟ್‌ವಿಡ್ತ್ ಕೊಡುವುದು ಪಿಕ್ಸೆಲ್‌ನಲ್ಲಿ, ನೀವು ಎಕ್ಸ್‌ಎಂಎಲ್‌ನಲ್ಲಿ ಬರೆದದ್ದು ಡಿಪಿಯಲ್ಲಿ. 160 ಡಿಪಿಐ ಪರದೆಯಲ್ಲಿ ಮಾತ್ರ ಎರಡೂ ಒಂದೇ. 480ರ ಪರದೆಯಲ್ಲಿ 100 ಡಿಪಿ ಎಂದರೆ 300 ಪಿಕ್ಸೆಲ್. ಸ್ಕೇಲ್ ಹಾಕಿ ದೊಡ್ಡದು ಮಾಡಿದ ವ್ಯೂನ ಗೆಟ್‌ವಿಡ್ತ್ ಬದಲಾಗುವುದಿಲ್ಲ. ಅದು ಲೇಔಟ್‌ನ ಅಳತೆ, ಕಣ್ಣಿಗೆ ಕಾಣುವುದು ಬೇರೆ. ಪೂರ್ತಿ ಪರದೆಯ ಅಗಲ ತೆಗೆದು ಅಂಚುಗಳನ್ನು ಕಳೆದು ನಿಮ್ಮ ವ್ಯೂನ ಅಗಲ ಊಹಿಸುವ ಅಡ್ಡದಾರಿ ಬೇಡವೇ ಬೇಡ. ಆಂಡ್ರಾಯ್ಡ್ 7.0ರಿಂದ ಎರಡು ಆ್ಯಪ್ ಅಕ್ಕಪಕ್ಕ ಓಡಬಹುದು, ಮಡಚುವ ಫೋನುಗಳೂ ಬಂದಿವೆ. ನಿಮ್ಮ ಆ್ಯಪ್‌ಗೆ ಪರದೆ ಪೂರ್ತಿ ಸಿಕ್ಕೇ ಸಿಗುತ್ತದೆ ಎಂದು ಹೇಳಲಾಗದು. ಓಡುತ್ತಿರುವಾಗಲೇ ಅಗಲ ಬದಲಾಗಬಹುದಾದ ಕಡೆ ಒಂದು ಸಲದ ಡೂಆನ್‌ಲೇಔಟ್ ಸಾಲದು. ಲೇಔಟ್ ಚೇಂಜ್ ಲಿಸನರ್ ಹಾಕಿ. ಅದು ಹಳೆಯ ಮತ್ತು ಹೊಸ ಅಂಚುಗಳೆರಡನ್ನೂ ಕೊಡುತ್ತದೆ. ಅಗಲ ನಿಜಕ್ಕೂ ಬದಲಾಗಿದ್ದರೆ ಮಾತ್ರ ಲೆಕ್ಕ ಮತ್ತೆ ಮಾಡಿ.

ಪರೀಕ್ಷೆ ಮಾಡುವಾಗ ನಿಮ್ಮ ಫೋನಿನ ಅಕ್ಷರದ ಗಾತ್ರವನ್ನು ತುಂಬಾ ದೊಡ್ಡದಕ್ಕೆ ಇಟ್ಟು ನೋಡಿ. ಆಂಡ್ರಾಯ್ಡ್ 14ರಿಂದ ಅದು 200%ವರೆಗೆ ಹೋಗುತ್ತದೆ. ಕನ್ನಡ ಸುದ್ದಿ ಓದುವವರಲ್ಲಿ ಹಿರಿಯರು ಬಹಳ ಇದ್ದಾರೆ, ಅವರ ಫೋನುಗಳು ಹಾಗೇ ಇರುತ್ತವೆ. ಡೆವಲಪರ್ ಆಯ್ಕೆಗಳಲ್ಲಿ ಲೇಔಟ್ ಗಡಿಗಳನ್ನು ತೋರಿಸುವ ಸ್ವಿಚ್ ಇದೆ, ಅದನ್ನು ಆನ್ ಮಾಡಿ. ಒತ್ತಕ್ಷರದ ಕಾಲು ಗಡಿಯ ಒಳಗಿದೆಯೇ, ಬೇಡದ ಬಟನ್ ಎಲ್ಲಾದರೂ ಜಾಗ ಹಿಡಿದು ಕೂತಿದೆಯೇ ಎಂದು ಕಾಣುತ್ತದೆ. ಪಠ್ಯಕ್ಕೆ ಸರಿಯಾಗಿ ಮೂರು ಸಾಲು ತುಂಬುವ ಒಂದು ವರದಿ, ಒಂದೇ ಪದ ನಾಲ್ಕನೇ ಸಾಲಿಗೆ ಇಳಿಯುವ ಇನ್ನೊಂದು ವರದಿ ಇಟ್ಟುಕೊಳ್ಳಿ. ಗೆಳೆಯನ ಆ ಹಳೇ ಫೋನಿನಲ್ಲಿ ಪಟ್ಟಿಯನ್ನು ಜೋರಾಗಿ ಮೇಲೆ ಕೆಳಗೆ ಸರಿಸಿ ನೋಡಿ. ಮೊದಲ ವರದಿಯ ಕೆಳಗೆ ಬಟನ್ ಬರಬಾರದು, ಎರಡನೆಯದರ ಕೆಳಗೆ ಪ್ರತಿ ಸಲವೂ ಬರಬೇಕು.